ಪೂಜೆಗಿಟ್ಟ ಸ್ಪ್ಯಾನರ್

ಆಯುಧಪೂಜೆಯ ದಿನ ಬೆಳಿಗ್ಗೆ. ಒಂಟಿಕೊಪ್ಪಲಿನಲ್ಲಿ ಮೆಕ್ಯಾನಿಕ್ ಮಹದೇವುವಿನ ಶೆಡ್ಡಿನ ಮುಂದೆ ಅವನ ಹೆಂಡತಿ ಪುಟ್ಟತಾಯಮ್ಮ ರಂಗೋಲಿ ಮುಗಿಸಿ ಇನ್ನೂ ಸೊಂಟ ನೆಟ್ಟಗೆ ಮಾಡಿಕೊಂಡಿರಲಿಲ್ಲ, ರಸ್ತೆಯ ತಿರುವಿನಲ್ಲಿ ಒಂದು ಕಪ್ಪು ಕಾರು ಕಾಣಿಸಿತು. ಮೈತುಂಬ ಸೇವಂತಿಗೆ ಹಾರ, ಮೂತಿಗೆ ಎರಡು ಬಾಳೆಕಂದು, ಬಾನೆಟ್ಟಿನ ಮೇಲೆ ಅಂಗೈಯಗಲ ಕುಂಕುಮ. ಅಲಂಕಾರಕ್ಕೇನೂ ಕೊರತೆಯಿರಲಿಲ್ಲ. ಓಡುತ್ತಿರಲಿಲ್ಲ, ಅಷ್ಟೇ. ಹಿಂದಿನಿಂದ ಮೂರು ನಾಲ್ಕು ಜನ ತಳ್ಳುತ್ತಿದ್ದರು. ಮುಂದಿನ ಬಾಗಿಲು ತೆರೆದು, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಹೊಸ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿಕೊಂಡು ತಾನೂ ಏದುಸಿರು ಬಿಡುತ್ತ ತಳ್ಳಿಕೊಂಡು ಬರುತ್ತಿದ್ದವನು ಅಶ್ವತ್ಥ.

ಮಹದೇವು ಸೀಮೆಎಣ್ಣೆಯ ಬಾಣಲೆಯಲ್ಲಿ ಸ್ಪ್ಯಾನರುಗಳನ್ನು ತೊಳೆಯುತ್ತಿದ್ದವನು ತಲೆ ಎತ್ತಿದ. ಮೊದಲು ಕಾರನ್ನು ನೋಡಿದ, ಆಮೇಲೆ ಮನುಷ್ಯನನ್ನು. ಕಾರನ್ನು ಅವನು ಮರೆಯುವಂತಿರಲಿಲ್ಲ. ಮನುಷ್ಯನನ್ನು ಮರೆಯಲು ಅವನಿಗೆ ಇಷ್ಟವೇ ಇರಲಿಲ್ಲ.

"ಯಾರೂಂದ್ರೆ ಅದು, ಹಬ್ಬದ ದಿನ ತಳ್ಕೊಂಡು ಬತ್ತಾವ್ರೆ?" ಎಂದಳು ಪುಟ್ಟತಾಯಮ್ಮ.

"ನಿನ್ನ ಗಂಡಂಗೆ ನಾಮಕರಣ ಮಾಡಿದ ಮಹಾನುಭಾವ ಕಣೇ. ನೀರು ಕೊಡು ಪಾಪ, ದಣಿದವ್ನೆ," ಎಂದ ಮಹದೇವು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಆ ನಾಮಕರಣದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಮಹದೇವು, ಅಶ್ವತ್ಥ ಇಬ್ಬರೂ ದೇವರಾಜ ಮೊಹಲ್ಲಾದ ನಂಜುಂಡಯ್ಯನವರ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ನಂಜುಂಡಯ್ಯನವರು ಹಿಂದೆ ಅರಮನೆಯ ಮೋಟಾರುಗಳ ಹತ್ತಿರ ಕೆಲಸ ಮಾಡಿ ಬಂದವರು. ಮೋಟಾರು ಕಲಿಯುವ ಹುಡುಗರಿಗೆಲ್ಲ ಅವರು ಗುರುಗಳು. ಅಶ್ವತ್ಥ ಅವರ ತಂಗಿಯ ಮಗ. ಮಹದೇವು ಮಂಡಕಳ್ಳಿಯಿಂದ ನಡೆದುಕೊಂಡು ಬಂದು ಶೆಡ್ಡಿನ ಕಸ ಗುಡಿಸುತ್ತ ಕೆಲಸ ಕಲಿತ ಒಕ್ಕಲು ಮಗ. ಒಂದು ದಿನ ಲಕ್ಷ್ಮೀಪುರದ ವಕೀಲರೊಬ್ಬರ ಕಪ್ಪು ಕಾರಿಗೆ ಗೇರ್ ಎಣ್ಣೆ ಬದಲಾಯಿಸುವ ಕೆಲಸ ಇವರಿಬ್ಬರಿಗೂ ಬಿತ್ತು. ಗೇರ್ ಬಾಕ್ಸಿಗೆ ಎರಡು ಪ್ಲಗ್ಗು: ಪಕ್ಕದ್ದು ಎಣ್ಣೆ ತುಂಬುವುದಕ್ಕೆ, ತಳದ್ದು ಹಳೆಯ ಎಣ್ಣೆ ಇಳಿಸುವುದಕ್ಕೆ. ಪಕ್ಕದ್ದನ್ನು ಮಹದೇವು ನೋಡಿಕೊಂಡ, ತಳದ್ದನ್ನು ಅಶ್ವತ್ಥ. ಮಾರನೆಯ ದಿನ ವಕೀಲರು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟರು. ದಾರಿಯಲ್ಲಿ ತಳದ ಪ್ಲಗ್ಗು ಎಲ್ಲೋ ಉದುರಿತು, ಎಣ್ಣೆಯೆಲ್ಲ ರಸ್ತೆಯ ಪಾಲಾಯಿತು, ಗೇರ್ ಬಾಕ್ಸು ಸುಟ್ಟು ಹೊಗೆಯೆದ್ದು ಕಾರು ನಿಂತಿತು. ನಿಂತದ್ದಾದರೂ ಎಲ್ಲಿ? ಮಂಡಕಳ್ಳಿಯ ಎದುರಿಗೆ. ಮಹದೇವುವಿನ ಅಪ್ಪನೇ ಗದ್ದೆಯಿಂದ ಎದ್ದು ಬಂದು ಕಾರಿಗೆ ಹೆಗಲು ಕೊಟ್ಟ.

ಶೆಡ್ಡಿನಲ್ಲಿ ಪಂಚಾಯಿತಿ ನಡೆಯಿತು. "ತಳದ ಪ್ಲಗ್ಗೂ ಮಹದೇವುನೇ ಹಾಕಿದ್ದು, ನಮ್ಮಮ್ಮನಾಣೆ" ಎಂದ ಅಶ್ವತ್ಥ. ಗುರುಗಳು ವಕೀಲರ ಎದುರಿಗೆ, ಅಷ್ಟು ಜನ ಕೆಲಸದವರ ಎದುರಿಗೆ ಮಹದೇವುವಿನ ಕೆನ್ನೆಗೆ ಬಾರಿಸಿದರು. ಅಷ್ಟಕ್ಕೆ ಬಿಡಲಿಲ್ಲ. ಬೇರೆ ಗೇರ್ ಬಾಕ್ಸು ತರಿಸಿ ಕೂರಿಸಿದ ಮೇಲೆ ಅವನನ್ನು ಮತ್ತೆ ಕರೆಸಿ, "ಈಗ ಬಿಗಿಯೋ, ಎಲ್ಲರೂ ನೋಡಲಿ" ಎಂದರು. ಮಹದೇವು ಅಳುತ್ತ ಕಾರಿನ ಕೆಳಗಿನ ರಿಪೇರಿ ಗುಂಡಿಗಿಳಿದ. ಸ್ಪ್ಯಾನರಿನ ಬಾಲಕ್ಕೆ ನಲ್ಲಿಯ ಪೈಪು ಸಿಕ್ಕಿಸಿ, ಪಕ್ಕದ ಪ್ಲಗ್ಗನ್ನು ಹಲ್ಲುಕಚ್ಚಿ ಎಳೆದ. ಇದನ್ನು ಇನ್ನು ಯಾರಪ್ಪನೂ ಬಿಚ್ಚಬಾರದು ಎಂದು ಮನಸ್ಸಿನಲ್ಲೇ ಶಾಪ ಹಾಕಿ ಎಳೆದ. ತಳದ ಪ್ಲಗ್ಗಿಗೂ ಹಾಗೇ ಮಾಡುವವನಿದ್ದ, ಅಷ್ಟರಲ್ಲಿ "ಸಾಕು ನಡಿ" ಎಂದು ಮೇಲೆ ಕರೆದು ಬಾಗಿಲು ತೋರಿಸಿದರು.

ಅಂದಿನಿಂದ ಅವನು ಸಡ್ಲ ಮಹದೇವು. ಹೆಸರಿಟ್ಟವನು ಅಶ್ವತ್ಥ. ಮೈಸೂರಿನ ಯಾವ ಶೆಡ್ಡಿಗೆ ಹೋದರೂ ಹೆಸರು ಅವನಿಗಿಂತ ಮೊದಲೇ ಹೋಗಿ ಬೆಂಚಿನ ಮೇಲೆ ಕೂತಿರುತ್ತಿತ್ತು. "ಏನಪ್ಪ ಸಡ್ಲ, ಪಂಚೆನಾದ್ರೂ ಬಿಗಿಯಾಗಿ ಕಟ್ಟಿದ್ದೀಯಾ?" ಎಂದು ಡ್ರೈವರುಗಳು ಕೇಳುವರು, ಪಕ್ಕದವರು ನಗುವರು. ಊರಿಗೆ ಹೋಗೋಣವೆಂದರೆ ಕಾರು ತಳ್ಳಿದವರೇ ಊರಿನವರು. ಅಪ್ಪ ಸತ್ತಾಗ ಹೋದ. ತಿಥಿಯ ಊಟದ ಪಂಕ್ತಿಯಲ್ಲಿ ಯಾರೋ "ಸಡ್ಲಂಗೆ ಅನ್ನ ಬಡ್ಸಿ" ಎಂದರು. ಅದೇ ಕೊನೆ, ಮತ್ತೆ ಮಂಡಕಳ್ಳಿಯ ಕಡೆ ತಲೆ ಹಾಕಲಿಲ್ಲ. ಕಷ್ಟಪಟ್ಟು ಒಂಟಿಕೊಪ್ಪಲಿನಲ್ಲಿ ತನ್ನದೇ ಶೆಡ್ಡು ಹಾಕಿಕೊಂಡ ಮೇಲೂ ಒಂದೊಂದು ನಟ್ಟನ್ನೂ ಯಾರದೋ ಕುತ್ತಿಗೆ ತಿರುಗಿಸಿದ ಹಾಗೆ ಬಿಗಿಯುತ್ತಿದ್ದ. ಯಾರದು ಎಂದು ಪುಟ್ಟತಾಯಮ್ಮ ಒಬ್ಬಳಿಗೆ ಗೊತ್ತಿತ್ತು.

ಗುರುಗಳ ಮೇಲೆ ಮಾತ್ರ ಅವನಿಗೆ ಕೋಪವಿರಲಿಲ್ಲ. ಅಂದು ಬಾಗಿಲು ತೋರಿಸಿದಾಗ ಅವರು ಅವನ ಬಟ್ಟೆಯ ಗಂಟನ್ನು ಬೀದಿಗೆ ಎಸೆದಿದ್ದರು ನಿಜ; ಆದರೆ ಯಾರೂ ನೋಡದ ಹಾಗೆ ತಮ್ಮ ಸ್ವಂತ ಸ್ಪ್ಯಾನರೊಂದನ್ನು, ಗೇರ್ ಬಾಕ್ಸಿನ ಪ್ಲಗ್ಗಿಗೆ ಹಾಕುವಂಥದ್ದು, ಅವನ ಕೈಗಿಟ್ಟು, "ಇದನ್ನ ಇಟ್ಕೋ" ಎಂದಿದ್ದರು. ಪಾಪ, ಅಳಿಯನ ಮಾತು ನಂಬಿ ಮೋಸ ಹೋದರು, ಒಳಮನಸ್ಸಿಗೆ ನನ್ನ ಮೇಲೇ ನಂಬಿಕೆ ಇತ್ತು, ಅದಕ್ಕೇ ಕೊಟ್ಟರು ಎಂದು ಮಹದೇವು ತಿಳಿದ. ವರ್ಷವೂ ಆಯುಧಪೂಜೆಯಲ್ಲಿ ಆ ಸ್ಪ್ಯಾನರೇ ಮಣೆಯ ನಟ್ಟನಡುವೆ ಕೂರುತ್ತಿತ್ತು. ಎಲ್ಲಕ್ಕೂ ಮೊದಲು ಅದಕ್ಕೇ ಕುಂಕುಮ.

ಈಗ ಮತ್ತೆ ಆ ಹಬ್ಬದ ಬೆಳಿಗ್ಗೆಗೆ ಬರೋಣ. ಕಾರು ಶೆಡ್ಡಿನ ಮುಂದಿನ ರಿಪೇರಿ ಗುಂಡಿಯ ಮೇಲೆ ಬಂದು ನಿಂತಿತು. ಪುಟ್ಟತಾಯಮ್ಮ ಕೊಟ್ಟ ನೀರನ್ನು ಗಟಗಟ ಕುಡಿದು ಅಶ್ವತ್ಥ ಹಲ್ಲು ಗಿಂಜಿದ.

"ಚೆನ್ನಾಗಿದ್ದೀಯೇನೋ ಮಹದೇವು? ಈ ಕಾರು ಗುರುತು ಸಿಕ್ತಾ? ವಕೀಲರು ತೀರಿಹೋದ್ರಲ್ಲ, ಅವರ ಮನೆಯವರು ಮಾರಿದ್ರು. ಆ ಗಲಾಟೆ ಆದ್ಮೇಲೆ ವಕೀಲರು ಇದನ್ನ ಮುಟ್ಟೇ ಇರ್ಲಿಲ್ಲ ಕಣೋ, ಕೊಟ್ಟಿಗೇಲಿ ಮುಸುಕು ಹಾಕಿ ಇಟ್ಟಿದ್ರು. ಟ್ಯಾಕ್ಸಿ ಮಾಡೋಣಾಂತ ನಾನೇ ತಗೊಂಡೆ."

"ಒಳ್ಳೇದಾಯ್ತು. ಯಾಕೆ ತಳ್ಕೊಂಡು ಬಂದೆ?"

ಅಶ್ವತ್ಥ ಎತ್ತಿಕಟ್ಟಿದ್ದ ಪಂಚೆಯನ್ನು ಇಳಿಬಿಟ್ಟುಕೊಂಡ. ಆಮೇಲೆ ಒಂದೇ ಉಸಿರಿಗೆ ಹೇಳಿದ. ಹಬ್ಬಕ್ಕೆ ಎಲ್ಲರೂ ಮಾಡುವ ಹಾಗೆ ಅವನೂ ನಿನ್ನೆ ಕಾರು ತೊಳೆದು, ಎಣ್ಣೆ ಬದಲಾಯಿಸಲು ಕೂತಿದ್ದ. ತಳದ ಪ್ಲಗ್ಗು ಸರಾಗವಾಗಿ ಬಂತು, ಹಳೆಯ ಎಣ್ಣೆಯೆಲ್ಲ ಇಳಿಯಿತು. ಹೊಸದು ತುಂಬೋಣವೆಂದು ಪಕ್ಕದ ಪ್ಲಗ್ಗಿಗೆ ಸ್ಪ್ಯಾನರು ಹಾಕಿದರೆ ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಎಳೆದ, ಒದ್ದ, ಬೇರೆಯವರ ಕೈಲೂ ಎಳೆಸಿದ. ಮೂಲೆಗಳೆಲ್ಲ ಸವೆದು ತಲೆ ಉಂಡೆಯಾಯಿತೇ ಹೊರತು ಪ್ಲಗ್ಗು ಕೂತ ಜಾಗ ಬಿಡಲಿಲ್ಲ. ಮೇಲಿನಿಂದ ಸುರಿಯೋಣವೆಂದರೆ ಆ ಕಾರಿನ ಗೇರು ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲಿದೆ. ಗೇರ್ ಬಾಕ್ಸನ್ನೇ ಇಳಿಸದೆ ಮೇಲಿನಿಂದ ದಾರಿಯಿಲ್ಲ.

ಮಹದೇವು ಎಲ್ಲ ಕೇಳಿಸಿಕೊಂಡ. ನಂಜುಂಡಯ್ಯನವರು ಕಲಿಸುತ್ತಿದ್ದ ಮೊದಲನೆಯ ಪಾಠ ಅದು: ತುಂಬುವ ಪ್ಲಗ್ಗು ಬಿಚ್ಚುತ್ತದೆಯೋ ಇಲ್ಲವೋ ನೋಡಿಕೊಳ್ಳದೆ ತಳದ್ದಕ್ಕೆ ಕೈ ಹಾಕಬೇಡ. ಕಸ ಗುಡಿಸುತ್ತಿದ್ದ ಮಹದೇವುವಿಗೆ ಅದು ಗೊತ್ತಿತ್ತು. ಮಾವನ ಮನೆಯ ಊಟ ಉಂಡು ಬೆಳೆದ ಅಳಿಯನಿಗೆ ಪಾಠ ಮಾತ್ರ ಹತ್ತಿರಲಿಲ್ಲ.

"ಸಂಜೆ ರೈಲಿಗೆ ಹೋಟೆಲಿನವರ ಮಂದಿ ಬರ್ತಾರೆ ಕಣೋ, ಮುಂಬಯಿಯವರು. ನಾಳೆ ಜಂಬೂಸವಾರಿ, ನಾಡಿದ್ದು ಕನ್ನಂಬಾಡಿ, ಎಲ್ಲಾ ನನ್ನ ಕಾರಿನಲ್ಲೇ. ಸಂಜೆ ಸ್ಟೇಷನ್ನಿನಲ್ಲಿ ಕಾರಿಲ್ಲಾಂದ್ರೆ ಹೋಟೆಲಿನ ಕೆಲಸ ಜನ್ಮದಲ್ಲಿ ನನಗೆ ಸಿಕ್ಕಲ್ಲ. ಎಲ್ಲ ಶೆಡ್ಡಿಗೂ ಹೋದೆ. ಪೂಜೆ ಆಗ್ಬಿಟ್ಟಿದೆ ಅಂತಾರೆ. ಆ ಪ್ಲಗ್ ಬಿಗಿದದ್ದು ನೀನು. ನೀನೇ ಬಿಚ್ಚಬೇಕು."

"ನಾನಾ? ನಾ ಬಿಗಿದದ್ದು ಸಡ್ಲ ಇರ್ಬೇಕಲ್ಲಪ್ಪ," ಎಂದ ಮಹದೇವು.

ಮಹದೇವು ಗುಂಡಿಗಿಳಿದು ನೋಡಿದ. ಹತ್ತು ವರ್ಷದ ಜಿಡ್ಡು, ಧೂಳು, ತುಕ್ಕಿನ ನಡುವೆ ತನ್ನ ಸಿಟ್ಟು ಹಾಗೇ ಕೂತಿತ್ತು. ಅವನಿಗೆ ಅದನ್ನು ಮುಟ್ಟಿ ಸವರಬೇಕೆನಿಸಿತು. ಮಗನ ತಲೆ ಸವರುವ ಹಾಗೆ ಸವರಿದ. ಆಮೇಲೆ ಮೇಲೆ ಬಂದು, ಕೈತೊಳೆದುಕೊಂಡು, ಮಣೆಯ ಮುಂದೆ ಕೂತು ಕುಂಕುಮದ ಬಟ್ಟಲು ಎಳೆದುಕೊಂಡ.

ಮೊದಲು ಗುರುಗಳ ಸ್ಪ್ಯಾನರು. ಅದನ್ನು ನಡುವೆ ಇಟ್ಟು, ಅರಿಶಿನ ಹಚ್ಚಿ, ಹೆಬ್ಬೆರಳಗಲ ಕುಂಕುಮ ಇಟ್ಟು, ಮೇಲೆ ಒಂದು ಸೇವಂತಿಗೆ ಇಟ್ಟ. ಆಮೇಲೆ ಉಳಿದ ಸ್ಪ್ಯಾನರುಗಳು, ಒಂದೊಂದಾಗಿ, ಕಣ್ಣಿಗೊತ್ತಿಕೊಂಡು, ನಿಧಾನವಾಗಿ.

"ಏಯ್, ಏನ್ಮಾಡ್ತಿದ್ದೀಯೋ?" ಅಶ್ವತ್ಥನ ಧ್ವನಿ ಮೇಲೇರಿತು. ಕುಂಕುಮ ಬಿದ್ದ ಸಾಮಾನನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಎತ್ತುವುದಿಲ್ಲ. ಅದು ಮೈಸೂರಿನ ಕಮ್ಮಾರನಿಂದ ಹಿಡಿದು ದರ್ಜಿಯವರೆಗೆ ಎಲ್ಲರೂ ಬಲ್ಲ ಕಟ್ಟಳೆ.

"ಪೂಜೆ ಮಾಡ್ತಾ ಇವ್ನಿ. ನೀನೂ ಮಾಡ್ಕೊಂಡಿದ್ದೀಯಲ್ಲ, ಬಾಳೆಕಂದು ಗೀಳೆಕಂದು ಕಟ್ಟಿ."

"ಮಹದೇವು, ಕೈಮುಗೀತೀನಿ ಕಣೋ."

"ದೇವ್ರಿಗೆ ಮುಗಿ. ಇಲ್ಲೇ ಅವ್ನೆ."

ಪುಟ್ಟತಾಯಮ್ಮನಿಗೆ ಗಂಡನ ಆಟ ಅರ್ಥವಾಯಿತು. ಅವಳು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಕೊನೆಗೆ ಸುತ್ತಿಗೆ, ಉಳಿ, ಬ್ಲೋ ಲ್ಯಾಂಪು, ಒಂದು ಪೈಪು ಇಷ್ಟು ಉಳಿದವು. ಮಹದೇವು ಕುಂಕುಮದ ಬೆರಳನ್ನು ಸುತ್ತಿಗೆಯ ಮೇಲೆ ಎತ್ತಿ ಹಿಡಿದು ನಿಲ್ಲಿಸಿದ.

"ಇವಿನ್ನೂ ಬಾಕಿ ಅವೆ. ಜಟಕಾ ಕಳ್ಸಿ ಗುರುಗಳ್ನ ಕರೆಸು. ಅವ್ರ ಮುಂದೆ, ಈ ಬೀದಿಯೋರ ಮುಂದೆ ನಿಜ ಹೇಳು. ಆ ತಳದ ಪ್ಲಗ್ಗು ಯಾರು ಹಾಕಿದ್ದು ಅಂತ. ಹೇಳಿದ್ರೆ ಬಿಚ್ತೀನಿ. ಇಲ್ಲಾಂದ್ರೆ ನಿನ್ ಕಾರು ಇಲ್ಲೇ ಪೂಜೆ ಮಾಡಿಸ್ಕೊಂಡು ನಿಂತಿರ್ಲಿ."

"ಹಳೇದೆಲ್ಲಾ ಈಗ್ಯಾಕೋ?"

"ಪ್ಲಗ್ಗೂ ಹಳೇದೇ ಅಲ್ವಾ? ಬಿಡ್ತಾ ನಿನ್ನ?"

ಅಶ್ವತ್ಥ ಒಮ್ಮೆ ಕಾರನ್ನೂ ಒಮ್ಮೆ ಬಿಸಿಲನ್ನೂ ನೋಡಿದ. ಜಟಕಾ ಹೋಯಿತು.

ನಂಜುಂಡಯ್ಯನವರು ಬರುವ ಹೊತ್ತಿಗೆ ಬೀದಿಯ ಅಂಗಡಿ, ಸೈಕಲ್ ಶಾಪು, ಗಿರಣಿಗಳಲ್ಲೆಲ್ಲ ಪೂಜೆ ಮುಗಿದು, ಒಡೆದ ಬೂದುಗುಂಬಳದ ಹೋಳುಗಳು ರಸ್ತೆಯ ತುಂಬ ಬಿದ್ದಿದ್ದವು. ಜನ ಕಡ್ಲೆಪುರಿ ಮೆಲ್ಲುತ್ತ ಶೆಡ್ಡಿನ ಮುಂದೆ ಸೇರಿದರು. ಗುರುಗಳು ಸಣ್ಣಗಾಗಿದ್ದರು. ಮಂಡಿ ಹಿಡಿದುಕೊಂಡು ಇಳಿದರು. ಮಹದೇವು ಓಡಿಹೋಗಿ ಕಾಲು ಮುಟ್ಟಿ, ಕುರ್ಚಿ ಹಾಕಿ, ಪುಟ್ಟತಾಯಮ್ಮನ ಕೈಯಿಂದ ಕಡ್ಲೆಪುರಿಯ ತಟ್ಟೆ ಕೊಡಿಸಿದ. ಮಣೆಯ ನಡುವಿನ ತಮ್ಮ ಸ್ಪ್ಯಾನರನ್ನು ನೋಡಿ ಅವರು, "ಇನ್ನೂ ಇಟ್ಟಿದ್ದೀಯೇನೋ" ಎಂದರು.

"ಅದ್ಕೇ ಗುರುಗಳೇ ಮೊದಲ ಪೂಜೆ," ಎಂದ ಮಹದೇವು.

ಅಶ್ವತ್ಥ ಮಾತ್ರ ಇನ್ನೂ ಜಾಣತನ ಬಿಟ್ಟಿರಲಿಲ್ಲ. "ಮೊದಲು ಬಿಚ್ಚೋ, ಆಮೇಲೆ ಕೂತು ಮಾತಾಡೋಣ," ಎಂದು ರಾಗ ಎಳೆದ.

"ಆಗ್ಲಿ. ಬಾ ಹಂಗಾದ್ರೆ ಗುಂಡಿಗೆ. ಉಳಿ ಹಿಡ್ಕೊಳ್ಳೋಕೆ ಒಬ್ರು ಬೇಕು."

ಇಬ್ಬರೂ ಇಳಿದರು. ಮಹದೇವು ಬ್ಲೋ ಲ್ಯಾಂಪು ಹಚ್ಚಿ ಪ್ಲಗ್ಗಿನ ಸುತ್ತ ಬೆಂಕಿ ಹಿಡಿದ. ಹಳೆಯ ಎಣ್ಣೆಯ ಜಿಡ್ಡು ಹೊಗೆಯಾಗಿ ಕಣ್ಣಿಗೆ ಹತ್ತಿತು. ಉಂಡೆಯಾದ ತಲೆಯ ಅಂಚಿಗೆ ಉಳಿಯ ಮೊನೆ ಇಟ್ಟು, "ಹಿಡ್ಕೊ. ಬಿಗಿಯಾಗಿ ಹಿಡ್ಕೊ," ಎಂದ. ಇಬ್ಬರು ನಿಲ್ಲುವುದೇ ಕಷ್ಟವಾಗಿದ್ದ ಜಾಗದಲ್ಲಿ ಅಶ್ವತ್ಥ ಎರಡೂ ಕೈಯಲ್ಲಿ ಉಳಿ ಹಿಡಿದು ಬಗ್ಗಿ ನಿಂತ. ಮಹದೇವು ಸುತ್ತಿಗೆ ಎತ್ತಿದ.

ಮೊದಲನೆಯ ಏಟು ಉಳಿಯ ತಲೆಗೆ ಸರಿಯಾಗಿ ಬಿತ್ತು. ಗುಂಡಿಯೆಲ್ಲ ಕಿವುಡಾಯಿತು. ಪ್ಲಗ್ಗು ಕದಲಲಿಲ್ಲ. ಎರಡನೆಯದೂ ಹಾಗೇ. ಮೂರನೆಯದಕ್ಕೆ ಎತ್ತಿದ ಸುತ್ತಿಗೆ ರಭಸವಾಗಿ ಇಳಿದು, ಅಶ್ವತ್ಥನ ಗೆಣ್ಣುಗಳ ಮೇಲೆ ಒಂದು ಬೆರಳಗಲದಲ್ಲಿ ನಿಂತುಬಿಟ್ಟಿತು.

"ಅಯ್ಯೋ!" ಎಂದ ಅಶ್ವತ್ಥ.

"ಯಾಕೆ ಹೆದ್ರುಕೊಂಡೆ? ಸಡ್ಲ ಮಹದೇವು ಕೈ ಕಣಪ್ಪ ಇದು. ಎಲ್ಲಿ ಜಾರ್ತದೋ ನಂಗೇ ಗೊತ್ತಿರಾಕಿಲ್ಲ. ನೀನೇ ಇಟ್ಟ ಹೆಸ್ರು ತಾನೇ?"

ಮತ್ತೆ ಸುತ್ತಿಗೆ ಎತ್ತಿದ. ಈ ಸಲ ತೋಳನ್ನು ಪೂರ್ತಿ ಹಿಂದಕ್ಕೆ ಬೀಸಿದ. ಅವನಿಗೆ ನಿಜವಾಗಿಯೂ ಹೊಡೆಯುವ ಆಸೆ ಹುಟ್ಟಿತ್ತು. ಅಪ್ಪ ಹೆಗಲು ಕೊಟ್ಟು ತಳ್ಳಿದ್ದು, ತಿಥಿಯ ಪಂಕ್ತಿ, ಕೆನ್ನೆಯ ಉರಿ ಎಲ್ಲವೂ ಆ ಸುತ್ತಿಗೆಯ ತಲೆಗೆ ಬಂದು ಕೂತಿದ್ದವು. ಅಶ್ವತ್ಥ ಅವನ ಕಣ್ಣು ನೋಡಿದ. ನೋಡಿದವನು ಉಳಿ ಬಿಟ್ಟು ಎರಡೂ ಕೈ ಎದೆಗೊತ್ತಿಕೊಂಡ.

"ಹೇಳ್ತೀನಿ ಕಣೋ. ಹೇಳ್ತೀನಿ. ನಾನೇ."

"ನಂಗಲ್ಲ. ಮೇಲೆ ಹೋಗಿ ಹೇಳು."

ಅಶ್ವತ್ಥ ಮಸಿ ಮೆತ್ತಿದ ಹೊಸ ಪಂಚೆಯಲ್ಲಿ ಮೇಲೆ ಹತ್ತಿ, ಜನರ ಮುಂದೆ ನಿಂತು ಹೇಳಿದ. ತಳದ ಪ್ಲಗ್ಗು ತಾನೇ ಹಾಕಿದ್ದು. ಬರೀ ಕೈಯಲ್ಲಿ ಎರಡು ಸುತ್ತು ತಿರುಗಿಸಿಟ್ಟು, ಅಂದು ಗರಡಿಯಲ್ಲಿ ಕುಸ್ತಿ ಶುರುವಾಯಿತೆಂದು ಕೇಳಿ ಓಡಿದ್ದು. ಬಂದು ಬಿಗಿದರಾಯಿತು ಎಂದುಕೊಂಡು ಮರೆತದ್ದು. "ಮಹದೇವುದೇನೂ ತಪ್ಪಿರ್ಲಿಲ್ಲ. ಸುಳ್ಳು ಹೇಳ್ದೆ," ಎಂದ. ಗಿರಣಿಯ ದೇವಯ್ಯ, "ಅಲ್ಲಯ್ಯ, ತಾಯಿ ಮೇಲೆ ಆಣೆ ಇಟ್ಟಿದ್ಯಂತಲ್ಲಯ್ಯ!" ಎಂದು ಉಗಿದ. ಸೈಕಲ್ ಶಾಪಿನವನು ಮಹದೇವುವಿನ ಬೆನ್ನು ತಟ್ಟಿದ.

ಮಹದೇವು ಗುಂಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಹತ್ತು ವರ್ಷ ಹೊತ್ತಿದ್ದ ಮೂಟೆ ಹೆಗಲಿನಿಂದ ಜಾರುತ್ತಿತ್ತು. ಈಗ ಒಂದು ಮಾತು ಮಾತ್ರ ಬಾಕಿ, ಗುರುಗಳ ಬಾಯಿಂದ ಬರಬೇಕಾದ ಮಾತು. ಅವನು ಹೋಗಿ ಕುರ್ಚಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತ.

"ಕೇಳಿಸ್ತಾ ಗುರುಗಳೇ? ಅವತ್ತು ನಿಮ್ಗೆ ಮೋಸ ಮಾಡ್ಬುಟ್ಟ ಇವ್ನು."

ನಂಜುಂಡಯ್ಯನವರು ಬಾಯಲ್ಲಿದ್ದ ಕಡ್ಲೆಪುರಿ ನುಂಗಿದರು. ಅವನ ತಲೆಯ ಮೇಲೆ ಕೈಯಿಟ್ಟರು.

"ನನಗೆ ಅವತ್ತೇ ಗೊತ್ತಿತ್ತು ಕಣೋ," ಎಂದರು.

"ಏನು ಗೊತ್ತಿತ್ತು?"

"ಇವನ ಕೆಲಸ ಅಂತ. ತಳದ ಪ್ಲಗ್ಗಿನ ಹತ್ತಿರ ಇವನು ಕೂತಿದ್ದನ್ನ ನಾನೇ ನೋಡಿದ್ದೆನಲ್ಲ. ಏನ್ಮಾಡಲಿ ಹೇಳು. ವಕೀಲರಿಗೆ ಯಾರನ್ನಾದರೂ ತೋರಿಸಬೇಕಿತ್ತು. ಗಂಡ ಸತ್ತ ತಂಗಿ, ಅವಳಿಗೆ ಇವನೊಬ್ಬ ಮಗ. ನಿನಗೇನಪ್ಪ, ಊರಲ್ಲಿ ಗದ್ದೆ ಇತ್ತು, ಉತ್ತುಕೊಂಡು ಇರ್ತೀಯ ಅಂದುಕೊಂಡೆ. ಆದರೂ ಮನಸ್ಸು ಚುಚ್ಚಿತು, ಅದಕ್ಕೇ ಆ ಸ್ಪ್ಯಾನರ್ ಕೊಟ್ಟಿದ್ದು." ಅವರು ಮುಗುಳ್ನಕ್ಕರು. "ಆಗಿದ್ದು ಆಗಿಹೋಯ್ತು. ಹಬ್ಬದ ದಿನ. ಬಿಚ್ಚಿಕೊಡು ಪಾಪ, ಹೋಗಲಿ."

ಕಡ್ಲೆಪುರಿ ಮೆಲ್ಲುತ್ತಿದ್ದವರ ಬಾಯಿ ನಿಂತಿತು.

ಮಹದೇವು ಆ ಕೈಯ ಕೆಳಗಿನಿಂದ ತಲೆಯನ್ನು ಮೆಲ್ಲಗೆ ಎಳೆದುಕೊಂಡ. ಸುಳ್ಳು ಹೇಳಿದವನ ಮೇಲೆ ಇಷ್ಟು ವರ್ಷ ಹಲ್ಲು ಕಡಿದಿದ್ದ. ಸುಳ್ಳೆಂದು ಗೊತ್ತಿದ್ದೂ ಹೊಡೆದವನ ಪಾದ ಈಗಷ್ಟೇ ಮುಟ್ಟಿ ಬಂದಿದ್ದ. ಅಶ್ವತ್ಥನಾದರೋ ಹೆದರಿದ ಹುಡುಗ. ಈ ಮನುಷ್ಯ ಯಾರಿಗೆ ಹೆದರಿದ್ದ? ಯಾರ ಕೆನ್ನೆ ಅಗ್ಗ ಎಂದು ಲೆಕ್ಕ ಹಾಕಿ ಹೊಡೆದಿದ್ದ. ಮಹದೇವುವಿಗೆ ನಾಚಿಕೆಯಾಯಿತು, ಆ ನಾಚಿಕೆಗಿಂತ ದೊಡ್ಡದಾಗಿ ಕೋಪ ಬಂತು. ವರ್ಷವರ್ಷವೂ ಆ ಕಬ್ಬಿಣಕ್ಕೆ ತಾನು ಒತ್ತಿದ ಕುಂಕುಮ ನೆನಪಾಗಿ ಮೈ ಉರಿಯಿತು.

ಅವನು ಎದ್ದು ಶೆಡ್ಡಿನೊಳಗೆ ಹೋದ. ಮಣೆಯ ನಡುವಿನಿಂದ ಆ ಸ್ಪ್ಯಾನರನ್ನು ಎತ್ತಿಕೊಂಡ. ಸೇವಂತಿಗೆ ಕೆಳಗೆ ಬಿತ್ತು.

"ಅಯ್ಯೋ, ಪೂಜೆ ಆಗೈತೆ ಕಣ್ರೀ! ಮುಟ್ಬ್ಯಾಡಿ, ನಾಳೆಗಂಟ ಮುಟ್ಬ್ಯಾಡಿ!" ಪುಟ್ಟತಾಯಮ್ಮ ಕೂಗಿಕೊಂಡು ಬಂದಳು.

"ಪೂಜೆ ಆಗಿರೋದು ಸಾಮಾನಿಗೆ. ಇದು ನನ್ನ ಬಾಯಿ ಮುಚ್ಚೋಕೆ ಕೊಟ್ಟಿದ್ದು," ಎಂದ ಮಹದೇವು. ಎಣ್ಣೆ ಒರೆಸುವ ಚಿಂದಿಯಿಂದ ಕುಂಕುಮ ಅರಿಶಿನ ಎರಡನ್ನೂ ತಿಕ್ಕಿ ಒರೆಸಿದ. ಅವನ ಮುಖ ನೋಡಿ ಅವಳು ಮತ್ತೆ ತಡೆಯಲಿಲ್ಲ.

ಈ ಸಲ ಅವನು ಒಬ್ಬನೇ ಗುಂಡಿಗಿಳಿದ. ಬ್ಲೋ ಲ್ಯಾಂಪು ಮತ್ತೆ ಹೊತ್ತಿಸಿ, ಪ್ಲಗ್ಗಿನ ಸುತ್ತಲಿನ ಕಬ್ಬಿಣ ಕಾದು ಬಣ್ಣ ತಿರುಗುವವರೆಗೂ ಹಿಡಿದ. ಸವೆದ ತಲೆಗೂ ಸ್ಪ್ಯಾನರಿನ ಬಾಯಿಗೂ ನಡುವೆ ತಗಡಿನ ಚೂರು ಸಿಕ್ಕಿಸಿ, ಸ್ಪ್ಯಾನರನ್ನು ಸುತ್ತಿಗೆಯಿಂದ ಹೊಡೆದು ಹೊಡೆದು ಕೂರಿಸಿದ. ಗುರುಗಳ ಸ್ಪ್ಯಾನರೆಂದು ಹಿಂದೆ ಅದನ್ನು ನೆಲಕ್ಕೂ ಕುಕ್ಕದವನು ಈಗ ಒಂದೇಟಿಗೂ ಕನಿಕರಿಸಲಿಲ್ಲ. ಬಾಲಕ್ಕೆ ಪೈಪು ಸಿಕ್ಕಿಸಿದ. ಮೊದಲು ಬಿಗಿಯುವ ಕಡೆಗೆ ಒಂದು ಎಳೆತ. ತುಕ್ಕು ಮುರಿಯಲಿ ಎಂದು. ಆಮೇಲೆ ಬಿಚ್ಚುವ ಕಡೆಗೆ. ಕಾಲನ್ನು ಗುಂಡಿಯ ಗೋಡೆಗೆ ಕೊಟ್ಟು, ಮೈಯ ಭಾರವನ್ನೆಲ್ಲ ಪೈಪಿಗೆ ಹಾಕಿ ಜಗ್ಗಿದ. ಅಂದು ಬಿಗಿದವನ ಕಸುವನ್ನು ಇಂದು ಬಿಚ್ಚುವವನು ಮೀರಬೇಕಿತ್ತು. ಅಂದು ಅವನಿಗೆ ಅರ್ಧ ಸತ್ಯ ಮಾತ್ರ ಗೊತ್ತಿತ್ತು.

ಫಟ್ ಎಂದು ಕೋವಿ ಹಾರಿದಂಥ ಸದ್ದು ಬಂತು. ಮೇಲಿದ್ದವರು ಹಿಂದೆ ಸರಿದರು. ಪ್ಲಗ್ಗು ತಿರುಗಿತ್ತು. ಇನ್ನೊಂದು ಎಳೆತಕ್ಕೆ ಕಿರುಗುಟ್ಟುತ್ತ ಸಡಿಲವಾಯಿತು. ಸ್ಪ್ಯಾನರಿನ ಬಾಯಿ ಅಗಲವಾಗಿ ಒಂದು ದವಡೆ ಸೀಳಿಹೋಗಿತ್ತು. ಇನ್ನು ಅದು ಯಾವ ನಟ್ಟಿಗೂ ಕೂರುವಂತಿರಲಿಲ್ಲ.

ಮಹದೇವು ಮೇಲೆ ಬಂದ. ಚಿಂದಿಯಲ್ಲಿ ಹಿಡಿದಿದ್ದ ಸ್ಪ್ಯಾನರನ್ನು ನಂಜುಂಡಯ್ಯನವರ ಮುಂದೆ ಚಾಚಿದ. ಅವರು ಏನೂ ತೋಚದೆ ಕೈಯೊಡ್ಡಿದರು. ಚಿಂದಿ ಸಮೇತ ಅದನ್ನು ಅವರ ಕೈಗಿಟ್ಟ.

"ನಿಮ್ದು. ತಗೊಳ್ಳಿ."

ಚಿಂದಿಯೊಳಗಿಂದಲೂ ಬಿಸಿ ತಾಗಿತು. ಅವರು ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಕೆಳಗೆ ಹಾಕೋಣವೆಂದರೆ ಅಷ್ಟು ಜನ ನೋಡುತ್ತಿದ್ದರು. ಹಿಡಿದುಕೊಳ್ಳಲೂ ಆಗುತ್ತಿರಲಿಲ್ಲ. "ಮಹದೇವು, ನಾನು ನಿನಗೆ ಕೆಲಸ ಕಲಿಸಿದವನು ಕಣೋ," ಎಂದರು ಮೆಲ್ಲಗೆ.

"ಕಲಿಸಿದ್ರಿ. ಅದ್ಕೇ ಹೊಡೆದ ಕೈಗೆ ತಿರುಗಿ ಹೊಡೀಲಿಲ್ಲ. ಜಟಕಾ ನಿಂತೈತೆ, ಹತ್ತಿ."

ಯಾರೂ ಅವರ ಕೈ ಹಿಡಿದು ಹತ್ತಿಸಲು ಮುಂದೆ ಬರಲಿಲ್ಲ. ಅಶ್ವತ್ಥ ಹ್ಯಾಪುಮೋರೆ ಹಾಕಿಕೊಂಡು ಹೋಗಿ ಮಾವನನ್ನು ಹತ್ತಿಸಿದ. ಸ್ಪ್ಯಾನರು ಮಡಿಲಲ್ಲೇ ಹೋಯಿತು.

ಅಶ್ವತ್ಥ ಹಿಂತಿರುಗಿ ಬಂದು ಎಣ್ಣೆಯ ಡಬ್ಬಿ ಎತ್ತಿಕೊಂಡಾಗ ಮಹದೇವು ಅವನನ್ನು ತಡೆದ.

"ಎಣ್ಣೆ ತುಂಬು. ಆಮೇಲೆ ನನ್ನ ಹಳೇ ಪ್ಲಗ್ಗೊಂದು ಕೊಡ್ತೀನಿ, ನೀನೇ ಹಾಕು. ತಳದ್ದನ್ನೂ ಇನ್ನೊಂದ್ಸಲ ಬಿಗಿ. ಎಲ್ರೂ ನೋಡ್ಲಿ."

ಅಶ್ವತ್ಥ ಗುಂಡಿಗಿಳಿದು, ತಾನೇ ತಂದಿದ್ದ ಸ್ಪ್ಯಾನರಿನಿಂದ ಬಿಗಿದ. ಒಂದು ಸಲ ಬಿಗಿದು ತಲೆ ಎತ್ತಿ ನೋಡಿದ. ಮಹದೇವು ಕೈಕಟ್ಟಿ ನಿಂತಿದ್ದ. ಮತ್ತೆ ಬಿಗಿದು ಮತ್ತೆ ನೋಡಿದ. ಬೀದಿಯವರೆಲ್ಲ ಗುಂಡಿಯ ಸುತ್ತ ಬಗ್ಗಿ ನಿಂತು ನೋಡುತ್ತಿದ್ದರು. "ಸಾಕಾ?" ಎಂದು ಕೇಳಿದಾಗ ದೇವಯ್ಯ, "ಇನ್ನೂ ಸಡ್ಲ ಐತೆ ಅನ್ಸುತ್ತೆ ಕಣಯ್ಯ" ಎಂದ. ಜನ ಗೊಳ್ಳೆಂದು ನಕ್ಕರು. ಆ ಹೆಸರು ಅಂದು ಮಧ್ಯಾಹ್ನ ಮಹದೇವುವನ್ನು ಬಿಟ್ಟು ಅಶ್ವತ್ಥನ ಬೆನ್ನು ಹತ್ತಿತು. ಸಂಜೆ ರೈಲು ಬರುವುದರೊಳಗೆ ಸ್ಟೇಷನ್ನಿನ ಟ್ಯಾಕ್ಸಿ ಡ್ರೈವರುಗಳಿಗೂ ತಲುಪಿತು.

ಕಾರು ಹೋದ ಮೇಲೆ ಮಹದೇವು ಮತ್ತೆ ಮಣೆಯ ಮುಂದೆ ಕೂತ. ಸುತ್ತಿಗೆಗೆ, ಉಳಿಗೆ, ಬ್ಲೋ ಲ್ಯಾಂಪಿಗೆ, ಪೈಪಿಗೆ ಕುಂಕುಮ ಇಟ್ಟ. ನಡುವೆ ಖಾಲಿ ಉಳಿದ ಜಾಗದಲ್ಲಿ ಅರಿಶಿನದ ಕಲೆ ಮಾತ್ರ ಇತ್ತು.

"ಅಲ್ಲಿಗೇನೂಂದ್ರೆ ಇಡೋದು?" ಎಂದು ಪುಟ್ಟತಾಯಮ್ಮ ಕೇಳಿದಳು.

ಮಹದೇವು ಅವಳ ಸೆರಗಿನ ತುದಿ ಎಳೆದುಕೊಂಡು ಕಣ್ಣು ಒರೆಸಿಕೊಂಡ. ಹೊಗೆಯಿಂದ ಬಂದ ನೀರು ಎಂದ. ಆಮೇಲೆ ಸುತ್ತಿಗೆಯನ್ನು ಎತ್ತಿ ನಡುವೆ ಇಟ್ಟು, "ನಾಳೆ ಬೆಳಿಗ್ಗೆ ಬೇಗ ಏಳು. ಮಂಡಕಳ್ಳಿಗೆ ಹೋಗ್ಬರಾನ," ಎಂದ.